ಮೂರು ಹೊಳೆಗಳ ನಾಡು

ಮೈಸೂರಿನಿಂದ ಮಡಿಕೇರಿಗೆ ಹೊರಟ ಪ್ರವಾಸಿಗೆ ಹುಣಸೂರೆಂದರೆ ಬಸ್ಸು ಹತ್ತು ನಿಮಿಷ ನಿಲ್ಲುವ, ಒಂದು ಲೋಟ ಕಾಫಿ ಸಿಕ್ಕುವ ಊರು. ಕೊಡಗಿನ ಬೆಟ್ಟಗಳೂ ಮಂಜೂ ಮುಂದೆ ಕಾದಿರುವಾಗ ಇಲ್ಲಿ ಇಳಿದು ನೋಡುವುದೇನಿದೆ ಎಂಬುದೇ ಸಾಮಾನ್ಯವಾದ ಭಾವನೆ. ಆದರೆ ಹುಣಸೂರನ್ನೇ ಬೀಡಾಗಿ ಮಾಡಿಕೊಂಡು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯನ್ನು ಮೂರು ದಿನ ಸುತ್ತಿದವರಿಗೆ ಬೇರೆಯೇ ಒಂದು ನಾಡು ಕಾಣುತ್ತದೆ. ಉತ್ತರದಲ್ಲಿ ಕಾವೇರಿ, ನಡುವೆ ಲಕ್ಷ್ಮಣತೀರ್ಥ, ದಕ್ಷಿಣದಲ್ಲಿ ಕಪಿಲೆ ಎಂದೂ ಹೆಸರುಳ್ಳ ಕಬಿನಿ. ಈ ಮೂರು ಹೊಳೆಗಳು ಇಲ್ಲಿಗೆ ಜನರನ್ನು ಕರೆತಂದಿವೆ. ಇಲ್ಲಿಂದ ಜನರನ್ನು ಎಬ್ಬಿಸಿಯೂ ಇವೆ. ನೋಡತಕ್ಕ ಸ್ಥಳಗಳಲ್ಲಿ ಹಲವಕ್ಕೆ ಯಾರೋ ಬಂದು ನೆಲೆ ನಿಂತ, ಇಲ್ಲವೆ ಯಾರೋ ಬಿಟ್ಟು ಹೋದ ಕಥೆಯೊಂದು ಅಂಟಿಕೊಂಡಿರುವುದು ಈ ನಾಡಿನ ವಿಶೇಷ.

ಹೊಳೆಯ ದಂಡೆಯ ಪೇಟೆ

ಮೈಸೂರಿನಿಂದ ಸುಮಾರು 45 ಕಿಲೋಮೀಟರು ಬಂದರೆ ಹುಣಸೂರು. ದಾರಿಯಲ್ಲಿ ಬಿಳಿಕೆರೆಯ ಕಡೆ ಒಳಕ್ಕೆ ತಿರುಗಿದರೆ ಗೊಮ್ಮಟಗಿರಿ ಸಿಕ್ಕುತ್ತದೆ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಬಂಡೆ. ಅದರ ನೆತ್ತಿಯ ಮೇಲೆ ಸುಮಾರು 18 ಅಡಿಯ ಬಾಹುಬಲಿ. ಶ್ರವಣಬೆಳಗೊಳದ ಭವ್ಯತೆಯನ್ನು ಇಲ್ಲಿ ಹುಡುಕಬಾರದು. ಇಲ್ಲಿಯ ಸೊಬಗು ಏಕಾಂತದ್ದು. ಮೆಟ್ಟಿಲು ಕೆಲವೇ ಆದ್ದರಿಂದ ಮಕ್ಕಳೂ ವೃದ್ಧರೂ ಆಯಾಸವಿಲ್ಲದೆ ಹತ್ತಬಹುದು.

ಹುಣಸೂರು ಪಟ್ಟಣ ಲಕ್ಷ್ಮಣತೀರ್ಥದ ದಂಡೆಯಲ್ಲಿದೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪಿನಲ್ಲಿ ಧುಮುಕುವ ಈ ಹೊಳೆ, ಹನಗೋಡಿನ ಅಣೆಕಟ್ಟೆಯಲ್ಲಿ ಗದ್ದೆಗಳಿಗೆ ನೀರನ್ನು ಹಂಚಿ, ಪೇಟೆಯ ಮಗ್ಗುಲಲ್ಲಿ ಹಾದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯ ದನಗಳ ತಳಿಗೆ ಟೀಪೂ ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟದ್ದು ಚರಿತ್ರೆಯಲ್ಲಿ ಪ್ರಸಿದ್ಧ. ಫಿರಂಗಿಗಳನ್ನೆಳೆಯುವ ಆ ಎತ್ತುಗಳ ಇಲಾಖೆಗೆ 19ನೆಯ ಶತಮಾನದಲ್ಲಿ ಹುಣಸೂರೇ ಕೇಂದ್ರವಾಗಿತ್ತು. ಸೈನ್ಯಕ್ಕೆ ಬೇಕಾದ ಚರ್ಮ, ಕಂಬಳಿ, ಮರಮುಟ್ಟುಗಳೂ ಇಲ್ಲಿಂದಲೇ ಹೋಗುತ್ತಿದ್ದವು. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರು 1915ರಲ್ಲಿ ಹುಟ್ಟಿದ ಕಲ್ಲಹಳ್ಳಿ ಈ ತಾಲ್ಲೂಕಿನದೇ. ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದದ್ದು ಅವರ ಆಡಳಿತದಲ್ಲಿ.

ಇಂದು ಈ ಸೀಮೆಯ ಹಣದ ಬೆಳೆ ಹೊಗೆಸೊಪ್ಪು. ಮಳೆಗಾಲದ ನಡುವೆ ಹಳ್ಳಿಯ ದಾರಿಗಳಲ್ಲಿ ಹೋಗುವವರಿಗೆ ಎತ್ತರದ ಬ್ಯಾರನ್ನುಗಳೂ, ಅವುಗಳ ಮಗ್ಗುಲಲ್ಲಿ ಒಟ್ಟಿದ ಸೌದೆಯೂ, ಎಲೆ ಬೇಯುವ ಘಾಟು ವಾಸನೆಯೂ ಎದುರಾಗುತ್ತವೆ. ಎಲೆಯನ್ನು ಹದಮಾಡಲು ಸೌದೆ ಬೇಕು, ಸೌದೆಗೆ ಮರ ಬೇಕು. ಕಾಡಿನ ಅಂಚಿನಲ್ಲೇ ಈ ಬೆಳೆ ಬೆಳೆದಿರುವುದು ಯೋಚಿಸತಕ್ಕ ಸಂಗತಿ.

ಬೆಟ್ಟವೂ ವಿಹಾರವೂ

ಹುಣಸೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ ಪಿರಿಯಾಪಟ್ಟಣ. ಚೆಂಗಾಳ್ವ ಅರಸರ ಈ ರಾಜಧಾನಿಯನ್ನು 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಗೆದ್ದುಕೊಂಡರು. ಕೊಡಗಿನ ದೊಡ್ಡ ವೀರರಾಜೇಂದ್ರನು ಟೀಪೂವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡದ್ದೂ ಇಲ್ಲಿಂದಲೇ. ಕೋಟೆಯ ಅವಶೇಷಗಳ ನಡುವೆ ಕಾಲಾಡಿಸುವವರು ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಕಲ್ಲುಗಳು ತಾವೇ ಮಾತನಾಡುತ್ತವೆ.

ಕಾಲಿನಲ್ಲಿ ಕಸುವುಳ್ಳವರು ಬೆಟ್ಟದಪುರಕ್ಕೆ ಹೋಗತಕ್ಕದ್ದು. ಶಂಖುವಿನ ಆಕಾರದ ಈ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಮೆಟ್ಟಿಲುಗಳು ಮೂರು ಸಾವಿರಕ್ಕೂ ಮಿಗಿಲು. ದೇವರಿಗೆ ಸಿಡಿಲೇ ಅಭಿಷೇಕ ಮಾಡುತ್ತದೆಂದು ಭಕ್ತರ ನಂಬಿಕೆ. ಒಂಟಿ ಶಿಖರವು ಸಿಡಿಲನ್ನು ಸೆಳೆಯುವುದು ಪ್ರಕೃತಿಯ ನಿಯಮವೂ ಹೌದಾದ್ದರಿಂದ, ಮುಂಗಾರಿಗೆ ಮುನ್ನಿನ ಗುಡುಗಿನ ಸಂಜೆಗಳಲ್ಲಿ ಹತ್ತದಿರುವುದು ಜಾಣತನ. ಬೆಳಗ್ಗೆ ಆರು ಗಂಟೆಗೆ ಹೊರಟರೆ ಬಿಸಿಲೇರುವ ಮೊದಲೇ ತುದಿ ಮುಟ್ಟಬಹುದು. ಪಶ್ಚಿಮಕ್ಕೆ ಕೊಡಗಿನ ನೀಲಿ ಗೆರೆ, ಕೆಳಗೆ ಕೆರೆಗಳ ಸಾಲು. ತಪ್ಪಲಿನ ಊರಿನಲ್ಲಿ ಸಂಕೇತಿ ಬ್ರಾಹ್ಮಣರ ಮನೆಗಳುಂಟು. ಶತಮಾನಗಳ ಹಿಂದೆ ತಮಿಳು ಸೀಮೆಯಿಂದ ವಲಸೆ ಬಂದ ಇವರ ಮನೆಮಾತು ತಮಿಳು, ಮಲಯಾಳ, ಕನ್ನಡಗಳ ಹದವಾದ ಬೆರಕೆ.

ಅದೇ ತಾಲ್ಲೂಕಿನ ಬೈಲುಕುಪ್ಪೆಗೆ ಇನ್ನೂ ದೂರದಿಂದ ವಲಸೆಗಾರರು ಬಂದರು. 1959ರಲ್ಲಿ ಟಿಬೆಟನ್ನು ತೊರೆದವರಿಗೆ ಆಗಿನ ಮೈಸೂರು ಸರ್ಕಾರ ಕೊಟ್ಟ ನೆಲದಲ್ಲಿ 1960ರ ಸುಮಾರಿಗೆ ಮೊದಲ ವಸತಿ ಎದ್ದಿತು. ಹಿಮದ ನಾಡಿನ ಜನ ಇಲ್ಲಿಯ ಬಿಸಿಲಿನಲ್ಲಿ ಕಾಡನ್ನು ಸವರಿ ಮುಸುಕಿನ ಜೋಳವನ್ನು ಬೆಳೆದರು. ಪೆನೊರ್ ರಿಂಪೋಚೆ ಅವರು 1963ರಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಪ್ರವಾಸಿಗರು ಸ್ವರ್ಣಮಂದಿರವೆಂದು ಕರೆಯುವ ಅಲ್ಲಿಯ ವಿಹಾರ 1999ರಲ್ಲಿ ಪೂರ್ತಿಯಾಯಿತು. ಒಳಗೆ ಹಲವು ಆಳೆತ್ತರದ ಮೂರು ಚಿನ್ನದ ಬಣ್ಣದ ಮೂರ್ತಿಗಳು: ನಡುವೆ ಶಾಕ್ಯಮುನಿ ಬುದ್ಧ, ಇಕ್ಕೆಲಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯು. ಪ್ರಾರ್ಥನೆಯ ಹೊತ್ತಿನಲ್ಲಿ ಉದ್ದನೆಯ ಕಹಳೆಗಳ ಗಂಭೀರ ಧ್ವನಿ ಮೊಳಗುವಾಗ ಗೋಡೆಯ ಬದಿಗೆ ಸುಮ್ಮನೆ ಕುಳಿತು ಕೇಳುವುದೇ ಅತಿಥಿಗೆ ಒಪ್ಪುವ ನಡತೆ.

ಎಡಕ್ಕೆ ತಿರುಗಿದ ಕಾವೇರಿ

ಎರಡನೆಯ ದಿನವನ್ನು ಕಾವೇರಿಗೆ ಮೀಸಲಿಡಬಹುದು. ಕೃಷ್ಣರಾಜನಗರದ ಮೂಲ ಎಡತೊರೆ. ನದಿ ಇಲ್ಲಿ ಎಡಕ್ಕೆ ತಿರುಗುವುದರಿಂದ ಆ ಹೆಸರು. ದಡದಲ್ಲಿ ಅರ್ಕೇಶ್ವರನ ಗುಡಿ ಇಂದಿಗೂ ಉಂಟು. ಪ್ರವಾಹದ ಹಾವಳಿಯಿಂದ ಬೇಸತ್ತ ಊರಿನವರಿಗಾಗಿ ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಜನರನ್ನು ಎಬ್ಬಿಸಿದ ಅದೇ ನೀರು ಈ ತಾಲ್ಲೂಕನ್ನು ಭತ್ತದ ಕಣಜವನ್ನಾಗಿಯೂ ಮಾಡಿದೆ.

ಇಲ್ಲಿಂದ ಪಶ್ಚಿಮಕ್ಕಿರುವ ಚುಂಚನಕಟ್ಟೆಯಲ್ಲಿ ಕಾವೇರಿ ಎರಡು ಕವಲಾಗಿ ಸುಮಾರು 60 ಅಡಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತಾಳೆ. ಜುಲೈನಿಂದ ಸೆಪ್ಟೆಂಬರಿನವರೆಗೆ ಆ ರಭಸವನ್ನು ನೋಡಬೇಕು. ಬೇಸಿಗೆಯಲ್ಲಿ ಹೋದವರಿಗೆ ಬಂಡೆಗಳ ದರ್ಶನವೇ ಹೆಚ್ಚು. ವನವಾಸದ ಕಾಲದಲ್ಲಿ ಶ್ರೀರಾಮನಿಗೆ ಇಲ್ಲಿ ಆಶ್ರಯವನ್ನಿತ್ತವರು ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳೆಂದು ಸ್ಥಳಪುರಾಣ. ಊರಿನ ಹೆಸರು ಅವರದೇ. ಕೋದಂಡರಾಮನ ಗುಡಿಯಲ್ಲಿ ಸೀತೆ ಸಾಮಾನ್ಯ ಪದ್ಧತಿಗೆ ಹೊರತಾಗಿ ರಾಮನ ಬಲಕ್ಕೆ ನಿಂತಿದ್ದಾಳೆ. ಹೊರಗೆ ಕಿವಿಗಡಚಿಕ್ಕುವ ಜಲಪಾತದ ಸದ್ದು ಗರ್ಭಗುಡಿಯಲ್ಲಿ ಕೇಳಿಸದೆಂದು ಅರ್ಚಕರು ಹೇಳುತ್ತಾರೆ. ಬಂದವರೆಲ್ಲ ಒಂದು ಕ್ಷಣ ಉಸಿರು ಬಿಗಿಹಿಡಿದು ಅದನ್ನು ಪರೀಕ್ಷಿಸುತ್ತಾರೆ. ಜನವರಿಯಲ್ಲಿ ಸಂಕ್ರಾಂತಿಯ ಸುಮಾರಿಗೆ ನಡೆಯುವ ದನಗಳ ಜಾತ್ರೆಯನ್ನು ಪಟ್ಟಣದ ಮಕ್ಕಳಿಗೆ ತೋರಿಸಲೇಬೇಕು. ಕೊಂಬಿಗೆ ಬಣ್ಣ ಬಳಿಸಿಕೊಂಡ ಜೋಡಿ ಎತ್ತುಗಳ ಠೀವಿಯ ಮುಂದೆ ಮೋಟಾರು ಕಾರುಗಳು ಮಂಕಾಗುತ್ತವೆ.

ಕಾಕನಕೋಟೆಯ ಕಾಡು

ಮೂರನೆಯ ದಿನದ ದಾರಿ ಹುಣಸೂರಿನಿಂದ ದಕ್ಷಿಣಕ್ಕೆ, ಹೆಗ್ಗಡದೇವನಕೋಟೆಯತ್ತ. ಬಲಗಡೆಗೆ ನಾಗರಹೊಳೆಯ ಕಾಡು. 1955ರಲ್ಲಿ ಅಭಯಾರಣ್ಯವಾಗಿ, ಬಳಿಕ ವಿಸ್ತರಿಸಿ, ಇಂದು ಸುಮಾರು 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಗಿರುವ ಈ ಅರಣ್ಯ ಹುಲಿ, ಆನೆ, ಕಾಟಿ, ಸೀಳುನಾಯಿಗಳಿಗೆ ಪ್ರಸಿದ್ಧ. ಇದರ ದಕ್ಷಿಣದ ಭಾಗವೇ ಹಳೆಯ ಕಾಕನಕೋಟೆ. ಮಾಸ್ತಿಯವರ ನಾಟಕವೊಂದಕ್ಕೆ ಈ ಕಾಡಿನ ಹೆಸರೇ ಶೀರ್ಷಿಕೆ.

ಕಾಕನಕೋಟೆಯ ಖೆಡ್ಡಾ ಒಂದು ಕಾಲಕ್ಕೆ ದೇಶವಿದೇಶಗಳಲ್ಲಿ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ತಮಟೆ, ಪಂಜುಗಳಿಂದ ಕಬಿನಿಯ ಕಡೆಗೆ ಅಟ್ಟಿ, ಹೊಳೆಯನ್ನು ಈಜಿಸಿ, ಎದುರು ದಡದ ದೊಡ್ಡಿಗೆ ಸೇರಿಸುತ್ತಿದ್ದರು. ಕಾಡಿನ ಜಾಡನ್ನು ಬಲ್ಲ ಕುರುಬರಿಲ್ಲದೆ ಇದು ನಡೆಯುವಂತಿರಲಿಲ್ಲ. ರಾಜಮಹಾರಾಜರೂ ಯೂರೋಪಿನ ಅತಿಥಿಗಳೂ ಅಟ್ಟಣೆಗಳ ಮೇಲೆ ಕುಳಿತು ನೋಡುತ್ತಿದ್ದ ಈ ಆಟ 1971ರಲ್ಲಿ ಕೊನೆಯದಾಗಿ ನಡೆಯಿತು. ಇದೇ ದಡದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ತೆಗೆದ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಆ ಹುಡುಗನೇ ನಾಯಕ. 1937ರಲ್ಲಿ ಆ ಚಿತ್ರ ಮೆಡಿಟರೇನಿಯನ್ ಕರಾವಳಿಯ ವೆನಿಸ್ಸಿನಲ್ಲಿ ನಿರ್ದೇಶನದ ಬಹುಮಾನವನ್ನು ಗಳಿಸಿತು. ಕಬಿನಿಯ ದಡದ ಹುಡುಗ ಹಾಲಿವುಡ್ಡಿನ ನಟನಾದ.

ನೀರಿನಡಿಯ ರಾಜಧಾನಿ

1974ರಲ್ಲಿ ಕಬಿನಿಗೆ ಅಣೆಕಟ್ಟು ಪೂರ್ತಿಯಾಯಿತು. ಜಲಾಶಯದ ಗರಿಷ್ಠ ಮಟ್ಟ 2284 ಅಡಿ. ಕೆಳಗಿನ ಬಯಲಿಗೆ ನೀರಾವರಿ ದೊರೆಯಿತು. ಮೇಲೆ ಖೆಡ್ಡಾದ ಬಯಲೂ, ಕಾಡಿನ ಒಂದು ಭಾಗವೂ, ಹಲವು ಹಳ್ಳಿಗಳೂ ಮುಳುಗಿದವು. ಮುಳುಗಿದ್ದರಲ್ಲಿ ಕಿತ್ತೂರೂ ಒಂದು. ಹಿಂದಿನ ಹೆಸರು ಕೀರ್ತಿಪುರ. ಗಂಗರಿಗೆ ಹೆಣ್ಣು ಕೊಟ್ಟ ಪುನ್ನಾಟದ ಅರಸರ ರಾಜಧಾನಿ. ಕ್ರಿ.ಶ. 2ನೆಯ ಶತಮಾನದಲ್ಲಿ ಮೆಡಿಟರೇನಿಯನ್ ತೀರದ ಅಲೆಗ್ಸಾಂಡ್ರಿಯದಲ್ಲಿ ಕುಳಿತು ಭೂಗೋಳವನ್ನು ಬರೆದ ಟಾಲೆಮಿ, ಬೆರಿಲ್ ಎಂಬ ರತ್ನ ದೊರೆಯುವ ಪೌನ್ನಾಟವನ್ನು ಹೆಸರಿಸಿದ್ದಾನೆ. ಅದು ಪುನ್ನಾಟವೇ ಎಂದು ವಿದ್ವಾಂಸರ ನಿರ್ಣಯ. ಸಾಗರದಾಚೆಯ ವರ್ತಕರು ಕೇಳಿ ಬಲ್ಲ ಊರಿನ ಮೇಲೆ ಇಂದು ಪ್ರವಾಸಿಗರ ದೋಣಿ ತೇಲುತ್ತದೆ. ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ಹಳೆಯ ಗುಡಿಯ ಕಲ್ಲುಗಳು ತಲೆಯೆತ್ತುತ್ತವೆ.

ಮಾರ್ಚಿನಿಂದ ಮೇವರೆಗೆ ಜಲಾಶಯ ಹಿಂದೆ ಸರಿದಂತೆ ಅಂಚಿನ ಕೆಸರಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿ ನಿಂತಿರುವಾಗ, ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಆ ಹಸಿರನ್ನು ಅರಸಿ ಇಲ್ಲಿ ನೂರುಗಟ್ಟಲೆ ನೆರೆಯುತ್ತವೆ. ಅಟ್ಟುವವರಿಲ್ಲ, ಪಂಜಿಲ್ಲ, ದೊಡ್ಡಿಯಿಲ್ಲ. ಸಂಜೆಯ ಬಿಸಿಲಿನಲ್ಲಿ ಮರಿಗಳನ್ನು ನಡುವಿಟ್ಟುಕೊಂಡು ನೀರಿಗಿಳಿಯುವ ಹಿಂಡನ್ನು ಕಂಡವರು ಅದನ್ನು ಮರೆಯುವುದಿಲ್ಲ. ಆದರೆ ಆ ಹುಲ್ಲು ಬೆಳೆಯುವ ನೆಲದಲ್ಲಿ ಒಮ್ಮೆ ಒಲೆಗಳು ಉರಿಯುತ್ತಿದ್ದವು ಎಂಬುದನ್ನೂ ಅವರು ಅರಿತಿರಬೇಕು.

ಕಾಡಿನ ಜನರ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಜೇನು ಕುರುಬ, ಬೆಟ್ಟ ಕುರುಬ, ಯರವರ ಎಷ್ಟೋ ಕುಟುಂಬಗಳು ನಾಗರಹೊಳೆಯಿಂದ ಹೊರಗೆ ಬಂದು ಹುಣಸೂರು ಸೀಮೆಯ ಪುನರ್ವಸತಿ ಹಾಡಿಗಳಲ್ಲಿವೆ. 2025ರ ಮೇ ತಿಂಗಳಲ್ಲಿ ಕೆಲವು ಜೇನು ಕುರುಬ ಕುಟುಂಬಗಳು, ಅರಣ್ಯ ಹಕ್ಕಿನ ಕಾಯಿದೆಯನ್ನು ಮುಂದಿಟ್ಟು, ಕೊಡಗಿನ ಭಾಗದ ಕಾಡಿನೊಳಗಿನ ತಮ್ಮ ಹಿರಿಯರ ನೆಲೆಗೆ ಮರಳಿದವು. ಅದೇ ವರ್ಷದ ನವೆಂಬರಿನಲ್ಲಿ ಸರಗೂರಿನ ಕಡೆ ಹುಲಿಯ ದಾಳಿಗಳಿಂದ ರೈತರು ಪ್ರಾಣ ಕಳೆದುಕೊಂಡಾಗ, ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಪ್ರವಾಸಿಗೆ ಹುಲಿಯೆಂದರೆ ಒಂದು ಸಂಜೆಯ ಸೊಬಗು. ಕಾಡಂಚಿನ ಒಕ್ಕಲಿಗೆ ಅದು ರಾತ್ರಿ ಹೊಲ ಕಾಯಲು ಹೋಗುವುದೋ ಬೇಡವೋ ಎಂಬ ಯೋಚನೆ.

ಹೋಗುವವರಿಗೆ

ಮೈಸೂರಿನಿಂದ ನಾಲ್ಕೂ ಊರುಗಳಿಗೆ ಬಸ್ಸುಗಳುಂಟು. ಕೃಷ್ಣರಾಜನಗರಕ್ಕೆ ಹಾಸನದ ರೈಲೂ ಉಂಟು. ಜಲಪಾತಕ್ಕೆ ಮಳೆಗಾಲ, ಬೆಟ್ಟಕ್ಕೆ ಚಳಿಗಾಲ, ಆನೆಗಳಿಗೆ ಬೇಸಿಗೆ ಎಂದು ಲೆಕ್ಕ ಹಾಕಿಕೊಂಡರೆ ಒಂದೇ ನಾಡನ್ನು ವರ್ಷದಲ್ಲಿ ಮೂರು ಸಲ ನೋಡಬಹುದು. ಸಫಾರಿ, ದೋಣಿವಿಹಾರಗಳ ನಿಯಮಗಳನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ. ಚುಂಚನಕಟ್ಟೆಯ ಬಂಡೆಗಳ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಕಾಡಿನ ರಸ್ತೆಯಲ್ಲಿ ವಾಹನದಿಂದ ಇಳಿಯಬಾರದು, ಪ್ರಾಣಿಗಳಿಗೆ ತಿಂಡಿಯನ್ನು ಎಸೆಯಬಾರದು. ಹಾಡಿಗಳ ಬಳಿ ಹಾದುಹೋಗುವಾಗ ಕ್ಯಾಮೆರಾವನ್ನು ಎತ್ತುವ ಮೊದಲು ಅಲ್ಲಿಯವರ ಒಪ್ಪಿಗೆಯನ್ನು ಕೇಳುವುದು ಸಜ್ಜನಿಕೆ. ಈ ನಾಡಿನಲ್ಲಿ ಎಲ್ಲರಿಗಿಂತ ಹಳೆಯ ಒಕ್ಕಲು ಅವರೇ.