ಕತ್ತಲೆಕಾನಿನವರೆಗೂ ಕ್ಯಾಂಪಸ್

ಶಿರಸಿಯ ಬನವಾಸಿ ರಸ್ತೆಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ. ಇಂಥ ಕ್ಯಾಂಪಸ್ಸನ್ನು ದೂರದೂರಿನ ಮಕ್ಕಳು ಮನೆಯಲ್ಲೇ ಕೂತು ಸುತ್ತುವಂತಾಗಬೇಕು, ಕೇಳಿದ್ದಕ್ಕೆ ಕೃತಕ ಬುದ್ಧಿಮತ್ತೆಯ ಮಾರ್ಗದರ್ಶಿ ಉತ್ತರಿಸಬೇಕು ಎಂಬುದು ಅಣ್ಣನ ಮಗನ ಹಂಬಲ. ಕಾಡು ಓದುವವರ ಕ್ಯಾಂಪಸ್ ಗೇಟಿನೊಳಗೇ ಮುಗಿಯುವುದುಂಟೇ? ಅವನನ್ನು ಸಿದ್ದಾಪುರದ ಕಡೆ ಹೊರಡಿಸಿದೆ.

ಹೊನ್ನಾವರದ ರಸ್ತೆ ಬಿಟ್ಟು ಕತ್ತಲೆಕಾನಿಗೆ ಇಳಿದರೆ ನಡುಮಧ್ಯಾಹ್ನವೇ ಮುಸ್ಸಂಜೆ. ರಾಮಪತ್ರೆ ಜಡ್ಡಿಯ ಕೆಸರಿನಿಂದ, ಮಡಚಿದ ಮಂಡಿಗಳಂತೆ, ಎಲ್ಲಿ ನೋಡಿದರೂ ಬೇರುಗಳು! ನೀರುಂಡ ಮಣ್ಣಿನಲ್ಲಿ ಗಾಳಿ ಸಾಲದು. ಉಸಿರಿಗೆಂದು ಬೇರು ಮೇಲೆದ್ದು ಮತ್ತೆ ಕೆಸರಿಗಿಳಿಯುತ್ತದೆ. ಗೇರು ಕುಟುಂಬದ ಇಲ್ಲಿನ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಹೊಸ ಪ್ರಭೇದವೆಂದು ವಿವರಿಸಿದ್ದು 2000ದಲ್ಲಿ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಸಿದ್ದಾಪುರದ ಕಾನೊಂದು ಜಗತ್ತಿನ ಸಸ್ಯಶಾಸ್ತ್ರದಲ್ಲಿ ಹೆಸರಾಗಿ ನಿಂತಿದೆಯಲ್ಲ, ಮೈ ಜುಮ್ಮೆಂದಿತು.

ಹುಡುಗ ಒಂದು ಬೇರಿನ ಸುತ್ತಲೇ ನೂರಾರು ಫೋಟೊ ತೆಗೆದ. ಒಂದೇ ಗುರುತು ಬೇರೆಬೇರೆ ಕೋನದಿಂದ ಹೇಗೆ ಕಂಡಿತೆಂದು ಹೋಲಿಸಿ ಕಂಪ್ಯೂಟರ್ ಆಳ, ಎತ್ತರಗಳನ್ನು ಲೆಕ್ಕ ಹಾಕುತ್ತದಂತೆ. ರಾತ್ರಿ ವಿಆರ್ ಕನ್ನಡಕ ತೊಟ್ಟು ಬಗ್ಗಿದೆ: ಬೇರಿನ ಕಮಾನು, ಅದರಡಿ ತೆಳ್ಳನೆಯ ನೀರು! ಕೈ ಚಾಚಿದವಳಿಗೆ ಸಿಕ್ಕಿದ್ದು ಬರೀ ಗಾಳಿ. ಹಂಪಿಯನ್ನು ಹೀಗೆ ಸುತ್ತಲೂ ಕಾಣುವಂತೆ ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ 2006ರಲ್ಲೇ ‘ಪ್ಲೇಸ್-ಹಂಪಿ’ ರೂಪಿಸಿದ್ದರು. ಕಲ್ಲಿಗೆ ಸಿಕ್ಕ ಭಾಗ್ಯ ಕಾಡಿಗೂ ಸಿಗಲಿ.

ನಾವು ಉಳಿದಿದ್ದ ಮನೆಯ ಅಜ್ಜ ಕೇಳಿದರು, “ತಮಾ, ಇದಕ್ಕೆ ನಮ್ಮ ಮಾತು ಗೊತ್ತಾಗ್ತಾ?”

ಕಷ್ಟ ಅಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡದ ಒಳನುಡಿಗಳ ಧ್ವನಿಗಳನ್ನು ಸಂಗ್ರಹಿಸಿದೆ. ಅಂಥ ಕೆಲಸ ನಮ್ಮ ಕಾನಿನ ಮಾತಿಗೂ ಆಗಬೇಕು. ಮಾರ್ಗದರ್ಶಿ ತನಗೆ ತೋಚಿದ್ದನ್ನೆಲ್ಲ ಹೇಳುವಂತಿಲ್ಲ. ಬಲ್ಲವರು ಒಪ್ಪಿದ ಟಿಪ್ಪಣಿಗಳಲ್ಲಿ ಹುಡುಕಿ, ಸಿಕ್ಕಷ್ಟೇ ಹೇಳಬೇಕು. ಸಿಗದಿದ್ದರೆ ‘ಗೊತ್ತಿಲ್ಲ’ ಎನ್ನಬೇಕು. ಈ ಮಾತಿಗೆ ಅಜ್ಜನಿಗೆ ಬಹಳ ಸಮಾಧಾನವಾಯಿತು.

ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಸುಮಾರು 200 ಮೀಟರ್ ಧುಮುಕುವುದನ್ನೂ ಚಿತ್ರಿಸಿಕೊಂಡೆವು. ಈ ತಾಲ್ಲೂಕಿನ ಎಷ್ಟೋ ಸಿದ್ದಿ ಮಕ್ಕಳದು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕಾಡಿನ ಬಗ್ಗೆ ಅವರು ಕೇಳುವ ಪ್ರಶ್ನೆ ಯಾವ ಪಠ್ಯದಲ್ಲೂ ಇರಲಿಕ್ಕಿಲ್ಲ. “ಉತ್ತರ ಆಮೇಲೆ, ಮೊದಲು ಪ್ರಶ್ನೆ ಕೂಡಿಸೋಣ ಅತ್ತೆ” ಎಂದವನೇ ಹುಡುಗ ಕ್ಯಾಮೆರಾ ಚೀಲಕ್ಕೆ ಹಾಕಿ ನೋಟ್‌ಬುಕ್ಕು ತೆಗೆದ.