ಹೂಮಳೆಯ ಹಿಂದೆ ಮರೆಯಾದ ಮುಖ

ಕಂಪನಿ ನಾಟಕಗಳ ಕಾಲದಲ್ಲಿ ನಟರಷ್ಟೇ ಹೆಸರು ಪರದೆಗಳಿಗೂ ಇತ್ತು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಎಂದು ಒಂದೊಂದು ದೃಶ್ಯಕ್ಕೂ ಒಂದೊಂದು. ಗುಬ್ಬಿ ವೀರಣ್ಣನವರ ಕಂಪನಿಯಂತೂ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಆದರೆ ಎಷ್ಟೇ ಅದ್ದೂರಿಯಾದರೂ ಬಣ್ಣದ ಪರದೆಯ ಜಾಗ ನಟನ ಹಿಂದೆ. ಅದು ಮುಂದೆ ಇಳಿಯಿತೆಂದರೆ ಅಂಕ ಮುಗಿಯಿತೆಂದೇ ಅರ್ಥ.

ಈಗ ಪರದೆ ಕಟ್ಟುವ ಕೆಲಸ ಹೈಸ್ಕೂಲು, ಪಿಯುಸಿ ಹುಡುಗರ ಕೈಗೆ ಬಂದಿದೆ. ಊರ ಹಬ್ಬ, ಶಾಲೆಯ ಸಮಾರಂಭ, ಕಬಡ್ಡಿ ಪಂದ್ಯ ಯಾವುದೇ ಇರಲಿ, ಮೊಬೈಲಿನಿಂದ ನೇರ ಪ್ರಸಾರ. ಪ್ರಸಾರವೆಂದ ಮೇಲೆ ಅದಕ್ಕೊಂದು ಅಂಚು, ಮೂಲೆಯಲ್ಲೊಂದು ಲಾಂಛನ, ಕೆಳಗೆ ಓಡುವ ಅಕ್ಷರ. 2012ರಲ್ಲಿ ಹೊರಬಂದ ಓಬಿಎಸ್ ಎಂಬ ತಂತ್ರಾಂಶಕ್ಕೆ ಇಂದಿಗೂ ಒಂದು ಪೈಸೆ ಕೊಡಬೇಕಿಲ್ಲ. ಅದರಲ್ಲಿ ಚಿತ್ರದ ಮೇಲೆ ಚಿತ್ರವನ್ನು ಗಾಜಿನ ಹಾಳೆಗಳಂತೆ ಪದರ ಪದರವಾಗಿ ಜೋಡಿಸಬಹುದು. ಪಟ್ಟಿಯಲ್ಲಿ ಮೇಲಿರುವುದು ಕೆಳಗಿನದನ್ನು ಮುಚ್ಚುತ್ತದೆ. ವಿದ್ಯೆಯೆಲ್ಲ ಇಷ್ಟೆ, ಯಾವುದನ್ನು ಮೇಲಿಡಬೇಕು ಎಂಬುದೇ ಕಷ್ಟ.

ಸತ್ತೇಗಾಲದ ಹುಡುಗನೊಬ್ಬ, ದ್ವಿತೀಯ ಪಿಯುಸಿ ವಿದ್ಯಾರ್ಥಿ, ಈಚೆಗೆ ಡಿಸೆಂಬರಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವದ ಪ್ರಸಾರ ವಹಿಸಿಕೊಂಡಿದ್ದ. ಅಲ್ಲಿನ ಮಕ್ಕಳಲ್ಲಿ ಕೆಲವರ ಅಪ್ಪ ಅಮ್ಮಂದಿರು ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ದುಡಿಯುವವರು. ಒಂದು ಸಂಜೆಯ ನೃತ್ಯಕ್ಕಾಗಿ ರಜೆ ಹಾಕಿ, ಕೂಲಿ ಕಳೆದುಕೊಂಡು ಬರಲಾರದವರು. ಅವರಿಗಾಗಿಯೇ ಈ ಏರ್ಪಾಡು. ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು ಪರದೆಯನ್ನು ಸಿಂಗರಿಸಿದ. ಸುತ್ತ ಚಿನ್ನದ ಬಣ್ಣದ ಅಂಚು, ಎರಡು ಮೂಲೆಯಲ್ಲಿ ಉರಿಯುವ ದೀಪ, ಮೇಲಿನಿಂದ ಎಡೆಬಿಡದೆ ಉದುರುವ ಗುಲಾಬಿ ಎಸಳು, ನಡುನಡುವೆ ಅಲ್ಲಾಡುವ ಗಂಟೆ. ಮನೆಯವರು ಮೆಚ್ಚಿದರು. ಅವರು ನೋಡಿದ್ದು ಅವನ ಲ್ಯಾಪ್‌ಟಾಪಿನಲ್ಲಿ.

ಕಾರ್ಯಕ್ರಮ ಮುಗಿದ ಮೇಲೆ ತಿರುಪ್ಪೂರಿನಿಂದ ಒಬ್ಬ ತಂದೆಯ ಫೋನು ಬಂತು. ‘ಬರೀ ಊವೇ ಕಣಪ್ಪ ಕಂಡದ್ದು. ನನ್ ಮಗ್ಳು ಎಲ್ಲವ್ಳೆ ಅಂತ್ಲೇ ಗೊತ್ತಾಗ್ನಿಲ್ಲ.’ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹುಡುಗನಿಗೆ ನಾಟಿದ್ದು ಅದೇ.

ಹೂವು ಮುಖವನ್ನು ಮುಚ್ಚಿತೆಂದು ಮೊದಲು ಎಲ್ಲರೂ ತಿಳಿದರು. ಎಸಳುಗಳು ಅಷ್ಟೇನೂ ದೊಡ್ಡವಲ್ಲ. ಆದದ್ದೇ ಬೇರೆ. ಅವನು ಕಳಿಸಿದ ಚಿತ್ರದ ಅಳತೆ 1280 ಚುಕ್ಕೆ ಅಗಲ, 720 ಚುಕ್ಕೆ ಎತ್ತರ. ಗುಣಿಸಿದರೆ ಒಂದು ಚಿತ್ರಕ್ಕೆ 9,21,600 ಚುಕ್ಕೆ. ಸೆಕೆಂಡಿಗೆ ಇಂಥ 30 ಚಿತ್ರ, ಒಂದೊಂದು ಚುಕ್ಕೆಗೆ 24 ಬಿಟ್. ಲೆಕ್ಕ ಹಾಕಿದರೆ ಸೆಕೆಂಡಿಗೆ 66 ಕೋಟಿ ಬಿಟ್ ದಾಟುತ್ತದೆ. ಅಲ್ಲಿನ ಸಿಗ್ನಲ್ಲಿಗೆ ತಕ್ಕಂತೆ ಅವನು ಇಟ್ಟುಕೊಂಡಿದ್ದ ಮಿತಿ 20 ಲಕ್ಷ. (1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಶಿವನಸಮುದ್ರ ಪಕ್ಕದಲ್ಲೇ ಇದ್ದರೂ ಮೊಬೈಲಿನ ಅಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ!) ಅಂದರೆ ಚಿತ್ರವನ್ನು ಮುನ್ನೂರು ಪಟ್ಟಿಗೂ ಹೆಚ್ಚು ಕುಗ್ಗಿಸಿ ಕಳಿಸಬೇಕು.

ಕುಗ್ಗಿಸುವ ಉಪಾಯ ಸರಳವಾದದ್ದು. ಯಂತ್ರ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಹಿಂದಿನ ಚಿತ್ರದೊಡನೆ ಹೋಲಿಸುತ್ತದೆ. ಬದಲಾಗದ ಚೌಕಕ್ಕೆ ‘ಮೊದಲಿನಂತೆಯೇ’ ಎಂದು ಒಂದು ಗುರುತು ಕಳಿಸಿದರೆ ಸಾಕು. ಬದಲಾದದ್ದನ್ನು ಮಾತ್ರ ಹೊಸದಾಗಿ ಬರೆಯಬೇಕು. ಹಿಂದಿನ ಗೋಡೆಗೆ ಹೆಚ್ಚು ಖರ್ಚಿಲ್ಲ, ನಿಶ್ಚಲವಾಗಿ ನಿಂತ ಚಿನ್ನದ ಅಂಚಿಗೂ ಇಲ್ಲ. ಆದರೆ ಉದುರುವ ಎಸಳು ಸೆಕೆಂಡಿಗೆ 30 ಸಲ ಜಾಗ ಬದಲಿಸುತ್ತದೆ; ಅದು ಬಿಟ್ಟುಹೋದ ಜಾಗವನ್ನೂ ಮತ್ತೆ ಬರೆಯಬೇಕು. ಇರುವುದು ಅದೇ 20 ಲಕ್ಷ. ಅದರಲ್ಲಿ ಹೂವು, ದೀಪದ ಕುಡಿ, ಗಂಟೆ ತಮ್ಮ ಪಾಲು ಕಿತ್ತುಕೊಂಡ ಮೇಲೆ ಕುಣಿಯುವ ಮಕ್ಕಳಿಗೆ ಉಳಿದದ್ದು ಎಷ್ಟು? ಮುಖಗಳು ಕಲಸಿದ ಚೌಕಗಳಾದವು. ಮಗಳು ಹೂವಿನ ಹಿಂದೆ ಅಡಗಿರಲಿಲ್ಲ. ಅವಳ ಪಾಲನ್ನು ಹೂವು ತಿಂದಿತ್ತು.

ಅಕ್ಷರಗಳ ಕಥೆ ಇನ್ನೊಂದು. ಹುಡುಗ ಮಕ್ಕಳ ಹೆಸರನ್ನು ಶಾಲೆಯ ಹಳೆಯ ನುಡಿ ಕಡತದಿಂದ ಹಾಗೆಯೇ ಎತ್ತಿ ಅಂಟಿಸಿದ್ದ. ಹಳೆಯ ಅಕ್ಷರ ಜೋಡಣೆ ಯೂನಿಕೋಡ್ ಅಲ್ಲವಾದ್ದರಿಂದ ಅದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಯಿತು. ಸರಿಪಡಿಸಿದ ಮೇಲೂ ತೊಂದರೆ ತಪ್ಪಲಿಲ್ಲ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಕೂರುತ್ತದೆ. ಇಂಗ್ಲಿಷಿಗೆ ಅಳೆದ ಪಟ್ಟಿಯಲ್ಲಿ ಬರೆದರೆ ಒತ್ತು ಅರ್ಧ ಕತ್ತರಿಸಿಹೋಗಿ ‘ಲಕ್ಷ್ಮಿ’ಯ ಮಕಾರವೇ ಕಾಣೆಯಾಗುತ್ತದೆ. ಸಾಲದೆಂಬಂತೆ ನೀಲಿಯ ಮೇಲೆ ಕೆಂಪು ಅಕ್ಷರ. ಪ್ರಸಾರದ ಚಿತ್ರದಲ್ಲಿ ಬೆಳಕಿನ ಹೆಚ್ಚು ಕಡಿಮೆಯನ್ನು ಚುಕ್ಕೆ ಚುಕ್ಕೆಗೂ ಉಳಿಸುತ್ತಾರೆ. ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಚುಕ್ಕೆಗಳಿಗೆ ಸೇರಿಸಿ ಒಂದೇ ಎಂದು ಬರೆಯುತ್ತಾರೆ, ನಮ್ಮ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗುರುತಿಸದು ಎಂಬ ಧೈರ್ಯದಿಂದ. ಹಾಗಾಗಿ ಕೆಂಪು, ನೀಲಿ ಒಂದಕ್ಕೊಂದು ಹರಡಿಕೊಳ್ಳುತ್ತವೆ. ಕಪ್ಪಿನ ಮೇಲೆ ಬಿಳಿಯೋ ತಿಳಿಹಳದಿಯೋ ಆದರೆ ಗಟ್ಟಿಯಾಗಿ ನಿಲ್ಲುತ್ತದೆ. ಕರಿಹಲಗೆ, ಸೀಮೆಸುಣ್ಣ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಇಲ್ಲಿ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಿಂದ ಬಂದ ಎರಡು ನೇರ ಪ್ರಸಾರಗಳನ್ನು ನೆನೆಯಬಹುದು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಮೇಲೆ ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿದ್ದಾಗ ಪರದೆಯ ಮೇಲೆ ಇದ್ದದ್ದು ಒಂದು ನಕ್ಷೆ: ಯೋಜಿಸಿದ ಹಾದಿಗೆ ಕೆಂಪು ಗೆರೆ, ನೌಕೆಯ ನಿಜವಾದ ಹಾದಿಗೆ ಹಸಿರು. ಹಸಿರು ಕೆಂಪನ್ನು ಬಿಟ್ಟು ಸರಿದದ್ದನ್ನು ಎಚ್ಚರವಿದ್ದ ಮಕ್ಕಳು ಕಣ್ಣಾರೆ ಕಂಡರು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ತಪ್ಪಿತು ಎಂದು ಅಧ್ಯಕ್ಷ ಶಿವನ್ ಪ್ರಕಟಿಸಿದ್ದು ಅದರ ನಂತರ. ಸೋಲನ್ನು ಕೂಡ ಆ ಪರದೆ ಮರೆಮಾಚಲಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಇಸ್ರೋದ ಯೂಟ್ಯೂಬ್ ಪ್ರಸಾರವನ್ನು ಏಕಕಾಲಕ್ಕೆ ನೋಡುತ್ತಿದ್ದವರು 80 ಲಕ್ಷಕ್ಕೂ ಹೆಚ್ಚು. ಅಂದೂ ಕಣ್ಣು ನೆಟ್ಟದ್ದು ಎತ್ತರ ಮತ್ತು ವೇಗದ ಅಂಕಿಗಳ ಮೇಲೆಯೇ. ಅಲ್ಲಿ ಚಲಿಸುತ್ತಿದ್ದುದೆಲ್ಲ ಸುದ್ದಿ. ಯಾರೂ ಹೂವು ಉದುರಿಸಲಿಲ್ಲ, ಯಾರೂ ಬೇಕೆನ್ನಲೂ ಇಲ್ಲ.

ಮಕ್ಕಳು ಇದರಲ್ಲಿ ಕಾಲ ಕಳೆಯುತ್ತಾರೆಂದು ತಂದೆತಾಯಿಗಳು ಗೊಣಗುವುದು ಸಹಜ. ಆದರೆ ಗುಣಾಕಾರ, ಬೆಳಕು, ಲಿಪಿ ಮೂರನ್ನೂ ಒಂದೇ ಕೆಲಸದಲ್ಲಿ ಮುಟ್ಟಿಸುವ ಗೀಳು ಅಷ್ಟು ಕೆಟ್ಟದ್ದಲ್ಲ. ಗೊಣಗಬೇಕಾದ್ದು ಬೇರೆ ಕಡೆ. ಊರ ಮಕ್ಕಳ ಮುಖಗಳನ್ನು ಲೋಕಕ್ಕೆಲ್ಲ ತೋರಿಸಬೇಕಾಗಿಲ್ಲ. ಕೊಂಡಿ ಕೊಟ್ಟವರಿಗಷ್ಟೇ ಕಾಣುವಂತೆ ಇಡುವ ಅನುಕೂಲ ಯೂಟ್ಯೂಬಿನಲ್ಲಿದೆ. ಒಬ್ಬರೇ ನೇರ ಪ್ರಸಾರ ಮಾಡುವವರಿಗೆ 2025ರ ಜುಲೈನಿಂದ ಅದು 16 ವರ್ಷದ ಮಿತಿಯನ್ನೂ ಹಾಕಿದೆ. ಹಿರಿಯರು ಜೊತೆಗೆ ಕೂತರೆ ಎರಡೂ ನೆರವೇರುತ್ತವೆ.

ಗಣರಾಜ್ಯೋತ್ಸವಕ್ಕೆ ಮತ್ತೆ ಕರೆ ಬಂದಾಗ ಹುಡುಗ ಹಿಂದಿನ ದಿನವೇ ಪರೀಕ್ಷೆ ಮಾಡಿದ. ತಮ್ಮನಿಗೆ ಅಮ್ಮನ ಹಳೆಯ ಮೊಬೈಲು ಕೊಟ್ಟು ಸೈಕಲ್ಲಿನಲ್ಲಿ ಹ್ಯಾಂಡ್‌ಪೋಸ್ಟಿಗೆ ಕಳಿಸಿದ. ಬಿಸಿಲಲ್ಲಿ ನಿಂತು ಚಿಕ್ಕ ಪರದೆ ನೋಡುವವನಿಗೆ ಏನು ಕಾಣುತ್ತದೆಂದು ತಿಳಿಯಬೇಕಿತ್ತು. ಎಸಳು, ದೀಪ, ಗಂಟೆ ಹೋಗಿದ್ದವು; ಅಂಚು ಉಳಿದಿತ್ತು, ಅದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ‘ಅಣ್ಣ, ಬಾವುಟದ ಕಂಬ ಕಾಣ್ತದೆ, ಎಸ್ರು ಓದಕ್ಕಾಯ್ತಿಲ್ಲ’ ಎಂದ ತಮ್ಮ. ಅಕ್ಷರ ದೊಡ್ಡದಾಯಿತು. ‘ಇನ್ನೂ ಇಲ್ಲ’ ಎಂದ. ಮತ್ತೂ ದೊಡ್ಡದು ಮಾಡಿದಾಗ ಶಾಲೆಯ ಉದ್ದನೆಯ ಹೆಸರು ಸಾಲಿನಲ್ಲಿ ಹಿಡಿಸಲಿಲ್ಲ. ಊರಿನ ಹೆಸರೊಂದನ್ನೇ ಉಳಿಸಿಕೊಂಡ.