ಗದ್ದೆಯ ಅತಿಥಿಯೂ ಹೊಳೆಯ ಗೃಹಸ್ಥನೂ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹರಡಿರುವ ರಾಯಚೂರು ಸೀಮೆಯು ಪೂರ್ವದಲ್ಲಿ ಜೋಳ ಹತ್ತಿಗಳ ಎರೆನೆಲವೆಂದೇ ಪ್ರಸಿದ್ಧವಾಗಿತ್ತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಸುತ್ತಣ ನೆಲದ ಬಣ್ಣವೇ ಬೇರೆಯಾಯಿತು. ಜೋಳವಿದ್ದಲ್ಲಿ ನೆಲ್ಲು ತಲೆದೂಗಿತು, ಧೂಳಿದ್ದಲ್ಲಿ ಕೆಸರಾಯಿತು. ನೀರು ನಿಂತಲ್ಲಿಗೆ ಹಕ್ಕಿಯು ಕರೆಯದೆಯೇ ಬರುವುದು ಲೋಕರೂಢಿಯಷ್ಟೆ.

ಚಳಿಗಾಲದಲ್ಲಿ ಎರಡನೆಯ ಬೆಳೆಗಾಗಿ ಗದ್ದೆಯನ್ನು ಹದಮಾಡುವಾಗ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಗಂಭೀರವಾಗಿ ನಡೆದು ಬರುತ್ತವೆ. ಅವುಗಳ ಮೇಲ್ಗಡೆ, ನೆಲಕ್ಕೆ ಕಾಲೂರದೆ, ತೇಲಿ ತೇಲಿ ಬಾಗುವ ಸಣ್ಣ ಬಿಳಿಯ ಹಕ್ಕಿಗಳ ಹಿಂಡೊಂದು ಇರುತ್ತದೆ. ಹೆಚ್ಚಿನವರು ಇದನ್ನೂ ಬೆಳ್ಳಕ್ಕಿಯೆಂದೇ ಎಣಿಸಿ ಮುಂದೆ ಹೋಗುವರು. ಆದರೆ ಇದು ಬೆಳ್ಳಕ್ಕಿಯಲ್ಲ. ಕನ್ನಡದ ಪಕ್ಷಿಜ್ಞರು ರೀವವೆಂದು ಕರೆಯುವ ಕುಲಕ್ಕೆ ಸೇರಿದ್ದು. ಅದರಲ್ಲಿಯೂ ಇದು ಜೌಗಿನ ವಾಸಿಯಾದ ಮೀಸೆ ರೀವ.

ಈ ಕುಲದ ಇನ್ನೊಂದು ಹಕ್ಕಿ ನಮ್ಮ ಸೀಮೆಗೆ ಪರಿಚಿತವಾದ ಹೊಳೆಯ ರೀವ. ಎರಡನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟವೇನಲ್ಲ. ಹೊಳೆಯ ರೀವವು ದೊಡ್ಡದು. ಕೊಕ್ಕು ಗಟ್ಟಿಮುಟ್ಟಾದ ಹಳದಿ, ಕಾಲು ಕೆಂಪು, ಬಾಲವು ಆಳವಾಗಿ ಕವಲೊಡೆದದ್ದು. ಮೀನನ್ನು ಕಂಡರೆ ಕಲ್ಲು ಬಿದ್ದಂತೆ ನೀರಿಗೆ ಧುಮುಕುತ್ತದೆ. ಮೀಸೆ ರೀವವಾದರೋ ಗಾತ್ರದಲ್ಲಿ ಬಹಳ ಚಿಕ್ಕದು. ಬಾಲದ ಕವಲು ಅಲ್ಪ. ಚಳಿಗಾಲದಲ್ಲಿ ಕೊಕ್ಕು ಕಪ್ಪು, ಕಣ್ಣಿನಿಂದ ಹಿಂದಲೆಯವರೆಗೆ ಕರಿಯ ಗೆರೆ. ಅದು ಧುಮುಕುವುದು ಅಪರೂಪ. ನೀರಿನ ಮೇಲೆ ತಗ್ಗಿ ಹಾರುತ್ತ ಹುಳುಹುಪ್ಪಟೆಗಳನ್ನೂ ಸಣ್ಣ ಮೀನುಗಳನ್ನೂ ಗೊದಮೊಟ್ಟೆಗಳನ್ನೂ ಕೊಕ್ಕಿನ ತುದಿಯಿಂದ ಆಯ್ದುಕೊಳ್ಳುತ್ತದೆ.

ಬೇಸಗೆಯು ಸಮೀಪಿಸಿದಂತೆ ಈ ಅತಿಥಿಯ ವೇಷವು ಮಾರ್ಪಡುತ್ತದೆ. ತಲೆಗೆ ಕರಿಯ ಟೋಪಿ, ಹೊಟ್ಟೆಗೆ ಬೂದುಬಣ್ಣದ ಕಪ್ಪು, ಕೊಕ್ಕಿಗೆ ಕೆಂಪು. ನಡುವೆ ಕೆನ್ನೆ ಮಾತ್ರ ಬೆಳ್ಳಗೆ ಉಳಿದು ಮೀಸೆಯಂತೆ ಕಾಣುವುದು. ಮದುವೆಯ ಉಡುಗೆಯನ್ನು ನೋಡಿದವನು ಮದುವೆಯ ಮನೆಯೂ ಇಲ್ಲಿಯೇ ಇರಬೇಕೆಂದು ಊಹಿಸುವುದು ಸಹಜ. ಆದರೆ ಊಹೆ ಪ್ರಮಾಣವಾಗಲಾರದು. ಅದರ ಸಂಸಾರವು ಕಾಶ್ಮೀರದ ಸರೋವರಗಳಲ್ಲಿ, ಗಂಗೆಯ ಬಯಲಿನ ಜೌಗುಗಳಲ್ಲಿ ನಡೆಯತಕ್ಕದ್ದು. ಮಳೆಗಾಲದಲ್ಲಿ ಅಲ್ಲಿ ತೇಲುವ ಜಲಸಸ್ಯಗಳ ಮೇಲೆ ದಂಟುಗಳನ್ನು ಒಟ್ಟಿ, ಗುಂಪುಗುಂಪಾಗಿ ಗೂಡು ಮಾಡಿ, ಎರಡೋ ಮೂರೋ ಮೊಟ್ಟೆಗಳನ್ನಿಡುತ್ತದೆ. ನೀರು ಮೆಲ್ಲನೆ ಏರಿದರೆ ಗೂಡೂ ಏರುವುದು, ಇಳಿದರೆ ಇಳಿಯುವುದು.

ಹೊಳೆಯ ರೀವಕ್ಕೆ ಈ ಸೌಕರ್ಯವಿಲ್ಲ. ಅದು ನಮ್ಮ ನಾಡಿನ ಗೃಹಸ್ಥ. ಬೇಸಗೆಯಲ್ಲಿ ಹೊಳೆಯು ಸೊರಗಿದಾಗ ನಡುವೆ ಎದ್ದ ಮರಳುದಿಬ್ಬವೇ ಅದರ ಮನೆ. ಹಾಸಿಗೆಯಿಲ್ಲ, ಮರೆಯಿಲ್ಲ, ಮರಳಿನಲ್ಲಿ ಒತ್ತಿದ ಒಂದು ಕುಳಿಯಷ್ಟೆ. ಮೊಟ್ಟೆಯೂ ಮರಿಯೂ ಮರಳಿನ ಬಣ್ಣವನ್ನೇ ಹೊತ್ತು ಕಣ್ಣಿಗೆ ಮರೆಯಾಗಿರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯ ಬಳಿ, ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ, ಇವು ದೊಡ್ಡ ಗುಂಪಾಗಿ ಮರಿಮಾಡುವುದು ಸುವಿಖ್ಯಾತ. ಅಲ್ಲಿ ಸುತ್ತಲಿನ ನೀರೇ ಕೋಟೆ. ಬತ್ತಿದ ಹೊಳೆಯಲ್ಲಾದರೆ ನಾಯಿಯೂ ದನವೂ ದಿಬ್ಬವನ್ನು ನಡೆದೇ ಸೇರುವುವು; ಮರಳಿನ ಗಾಡಿಯು ಗೂಡನ್ನೇ ಹೇರಿಕೊಂಡು ಹೋಗುವುದು; ಮೇಲಣ ಕಟ್ಟೆಯಿಂದ ಅಕಾಲದಲ್ಲಿ ನೀರು ಬಿಟ್ಟರೆ ಒಂದು ರಾತ್ರಿಯಲ್ಲಿ ಇಡೀ ಕೇರಿಯು ಕೊಚ್ಚಿಹೋಗುವುದು. ಹಿಂದೆ ಸಾಮಾನ್ಯವಾಗಿದ್ದ ಈ ಹಕ್ಕಿಯನ್ನು ಈಗ ಲೋಕದ ಪಕ್ಷಿಶಾಸ್ತ್ರಜ್ಞರು ಅಪಾಯಕ್ಕೊಳಗಾದವುಗಳಲ್ಲಿ ಎಣಿಸಿದ್ದಾರೆ.

ಇದರಿಂದ ಗುರುತಿನ ಪ್ರಯೋಜನವು ಸ್ಪಷ್ಟವಾಗುತ್ತದೆ. ಗದ್ದೆಯಲ್ಲಿ ನೂರು ಬಿಳಿಯ ಹಕ್ಕಿಗಳನ್ನು ಕಂಡು, ರೀವಗಳು ಸುಖವಾಗಿವೆಯೆಂದು ತಿಳಿದವನು ಅತಿಥಿಗಳ ಗದ್ದಲವನ್ನು ಕೇಳಿ ಮನೆಯವನ ಆರೋಗ್ಯವನ್ನು ನಿರ್ಣಯಿಸಿದಂತಾಯಿತು. ಕಾಳಿದಾಸನು ರಘುವಂಶದಲ್ಲಿ, ಕಾಡಿನಲ್ಲಿ ಬಿಡಲ್ಪಟ್ಟ ಸೀತೆಯ ಅಳುವನ್ನು ಕುರರಿಯ ಕೂಗಿಗೆ ಹೋಲಿಸಿದ್ದಾನೆ. ಕುರರಿಯೆಂದರೆ ರೀವವೆಂದು ಅರ್ಥಮಾಡುವ ವಿದ್ವಾಂಸರೂ ಉಂಟು. ದಿಬ್ಬ ಮುಳುಗಿದ ಮೇಲೆ ನೀರಿನ ಮೇಲೆ ಸುತ್ತುವ ತಾಯಹಕ್ಕಿಯನ್ನು ನೆನೆದರೆ ಆ ಅರ್ಥವು ಮನಸ್ಸಿಗೆ ಹಿಡಿಸುವುದು.

ಲಿಂಗಸೂಗೂರಿನ ಉತ್ತರಕ್ಕೆ ಕೃಷ್ಣೆ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಮಸ್ಕಿ. ಅಲ್ಲಿ 1915ರಲ್ಲಿ ದೊರೆತ ಬಂಡೆಶಾಸನದಿಂದ ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ನಿಶ್ಚಯವಾಯಿತು. ಬಿರುದು ಹಲವೆಡೆ ಇದ್ದಿತು. ಮಸ್ಕಿಯ ಬಂಡೆಯು ಹೆಸರನ್ನು ಕೊಟ್ಟಿತು. ಅದೇ ಅರಸನು ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಉತ್ತರದೇಶದ ಸ್ತಂಭಗಳಲ್ಲಿ ಕೆತ್ತಿಸಿದ ಐದನೆಯ ಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳನ್ನು ಗಿಳಿ, ಸಾರಿಕೆ, ಚಕ್ರವಾಕ, ಹಂಸ ಎಂದು ಒಂದೊಂದಾಗಿ ಹೆಸರಿಟ್ಟು ಹೇಳಿದನು. ಗಬ್ಬವಾದ ಇಲ್ಲವೆ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಕೂಡದೆಂದು ವಿಧಿಸಿದನು. ಎಲ್ಲ ಜೀವಿಗಳಲ್ಲಿಯೂ ದಯೆಯಿರಲೆಂದು ಹೇಳಿ ಕೈತೊಳೆದುಕೊಳ್ಳದೆ, ಯಾವ ಜೀವಿ, ಯಾವ ಕಾಲ ಎಂಬುದನ್ನು ಗೊತ್ತುಮಾಡಿದ್ದೇ ಆ ದಯೆಯ ಹಿರಿಮೆ.

ಗದ್ದೆಯ ಅತಿಥಿಗೆ ಬೇಕಾದದ್ದು ನೀರು ನಿಂತ ಕೆಸರು. ಅದನ್ನು ಒಕ್ಕಲಿಗನು ತಾನಾಗಿಯೇ ಒದಗಿಸುತ್ತಾನೆ. ಹೊಳೆಯ ಗೃಹಸ್ಥನಿಗೆ ಬೇಕಾದದ್ದು ಬೇಸಗೆಯ ಕೆಲವು ವಾರಗಳು, ಯಾರೂ ತುಳಿಯದ ನಾಲ್ಕು ಮೊಳ ಮರಳು.